ಪಾಲಿಸಿ ಬ್ರಾಂಚಿಗೆ ಗಂಡ ಹೆಂಡತಿ ಇಬ್ಬರೂ ಹೋಗಿ: ದಾವಣಗೆರೆಯ ಒಂದು ವಿಮಾ ಶಾಖೆಯ ಬಗ್ಗೆ

ದಾವಣಗೆರೆಯ ಪಿ.ಬಿ. ರಸ್ತೆ ಕಡೆ ಇರುವ ಒಂದು ಜೀವವಿಮೆ ಕಂಪನಿಯ ಬ್ರಾಂಚ್ ಆಫೀಸ್ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕಿಲ್ಲ, ಅಲ್ಲಿ ಕೆಲಸ ಮಾಡುವವರ ಹೆಸರೂ ಹಾಕಿಲ್ಲ. ಅವರನ್ನು ಕೇಳದೆ ಹಾಕುವುದು ಸರಿ ಅನ್ನಿಸಲಿಲ್ಲ. ನಿಮ್ಮ ಪಾಲಿಸಿ ಯಾವ ಕಂಪನಿಯದ್ದೇ ಇರಲಿ, ಇದನ್ನು ಓದಿ. ಅದರಲ್ಲೂ ಮದುವೆಯಾಗಿ ಹತ್ತಿಪ್ಪತ್ತು ವರ್ಷ ಆದವರು ಓದಿ.

ನಮ್ಮ ಮದುವೆ ಆಗಿದ್ದು 1998ರಲ್ಲಿ. ನಮ್ಮ ಮನೆಯವರು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಅವರ ಹೆಸರಲ್ಲಿ ಒಂದು ಪಾಲಿಸಿ ಇದೆ. ಮದುವೆಗೆ ಎರಡು ವರ್ಷ ಮುಂಚೆ, 1996ರಲ್ಲಿ ಮಾಡಿಸಿದ್ದು. 2 ಲಕ್ಷ ರೂಪಾಯಿಗೆ, 35 ವರ್ಷದ್ದು. ಪ್ರೀಮಿಯಂ ಕಟ್ಟುವುದು ಅವರು, ರಸೀದಿಗಳನ್ನು ರಬ್ಬರ್ ಹಾಕಿ ಟ್ರಂಕಿನಲ್ಲಿ ಇಡುವುದು ನಾನು. ಇಪ್ಪತ್ತೇಳು ವರ್ಷ ಹೀಗೇ ನಡೆಯಿತು. ಒಂದು ದಿನವೂ ಅದರಲ್ಲಿ ಏನು ಬರೆದಿದೆ ಅಂತ ನಾನು ಓದಿರಲಿಲ್ಲ.

ಕಳೆದ ವರ್ಷ ನಮ್ಮ ಬೀದಿಯಲ್ಲಿ ಒಬ್ಬರು ಇದ್ದಕ್ಕಿದ್ದ ಹಾಗೆ ತೀರಿಹೋದರು. ಹದಿಮೂರು ದಿನ ಕಳೆದ ಮೇಲೆ ಅವರ ಹೆಂಡತಿ ಒಂದು ಕೈಚೀಲದ ತುಂಬ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಯಾವುದು ಬ್ಯಾಂಕಿನದು, ಯಾವುದು ಸೊಸೈಟಿಯದು, ಯಾವುದು ಪಾಲಿಸಿ, ಅವರಿಗೆ ಗೊತ್ತಿರಲಿಲ್ಲ. ಯಾರಿಗೆ ಸಾಲ ಕೊಟ್ಟಿದ್ದರು, ಯಾರಿಂದ ತಂದಿದ್ದರು, ಅದೂ ಗೊತ್ತಿಲ್ಲ. ಅಳುತ್ತಾ ಒಂದೊಂದೇ ಕಾಗದ ತೆಗೆದು ನನ್ನ ಮುಂದೆ ಇಡುತ್ತಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನಮ್ಮ ಟ್ರಂಕ್ ತೆಗೆದೆ. ಪಾಲಿಸಿ ಬಾಂಡ್ ಅಂತ ಇಷ್ಟು ವರ್ಷ ನಾನು ಜೋಪಾನ ಮಾಡಿಕೊಂಡು ಬಂದ ಕವರಿನಲ್ಲಿ ಇದ್ದದ್ದು ಝೆರಾಕ್ಸ್.

"ರೀ, ಒರಿಜಿನಲ್ ಎಲ್ಲಿ?" ಅಂತ ಕೇಳಿದೆ.

"ಆಫೀಸಲ್ಲಿದೆ. ಸೇಫಾಗಿರುತ್ತೆ ಅಂತ ಅಲ್ಲೇ ಕೊಟ್ಟಿದೀನಿ" ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹಾಗಾದರೆ ನಾನೂ ಬಂದು ನೋಡುತ್ತೇನೆ ಅಂದೆ. ಒಂದು ತಿಂಗಳು ಇವತ್ತು ನಾಳೆ ಅಂತ ಮುಂದಕ್ಕೆ ಹಾಕಿದರು. ಅಕ್ಟೋಬರ್‌ನಲ್ಲಿ ಒಂದು ದಿನ ಅಂಗಡಿಗೆ ರಜ ಹಾಕಿಸಿ ಕರೆದುಕೊಂಡು ಹೋದೆ.

ಬ್ರಾಂಚ್ ಇರುವುದು ಮೊದಲನೇ ಮಹಡಿಯಲ್ಲಿ. ಹನ್ನೊಂದು ಗಂಟೆಗೆ ಜನ ಜಾಸ್ತಿ ಇದ್ದರು. ದುಡ್ಡು ಕಟ್ಟುವ ಕೌಂಟರ್ ಮುಂದೆ ಸಾಲು. ಪಾಲಿಸಿ ಕೆಲಸದ ಕೌಂಟರ್ ಒಳಗಡೆ, ಎಡಕ್ಕೆ. ಅಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹುಡುಗ ಇದ್ದ. ಇಬ್ಬರಿಗೂ ಕುರ್ಚಿ ತೋರಿಸಿದ. ಪಾಲಿಸಿ ನಂಬರ್ ಹಾಕಿ, ಕಂಪ್ಯೂಟರ್ ನೋಡಿ, ಮೊದಲು ಕೇಳಿದ್ದು ನಾಮಿನಿ ಬಗ್ಗೆ, ಅಂದರೆ ಪಾಲಿಸಿ ಮಾಡಿಸಿದವರು ಹೋದರೆ ದುಡ್ಡು ಯಾರಿಗೆ ಅಂತ ಬರೆಸಿಟ್ಟ ಹೆಸರಿನ ಬಗ್ಗೆ: "ಸರ್, ನಾಮಿನಿ ಅಂತ ನಿಮ್ಮ ತಾಯಿಯವರ ಹೆಸರಿದೆ. ಅಮ್ಮ ಇದಾರಾ?"

ನಮ್ಮ ಮನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತೆ ತೀರಿಕೊಂಡಿದ್ದು 2011ರಲ್ಲಿ. "ಇಲ್ಲಪ್ಪ, ಅವ್ವ ಹೋಗಿ ಹದಿನಾಲ್ಕು ವರ್ಷ ಆಯ್ತು" ಅಂದರು. ಆ ಹುಡುಗ ಕೂಡಲೇ ಮುಂದಿನ ಮಾತಿಗೆ ಹೋಗಲಿಲ್ಲ. ಕಂಪ್ಯೂಟರನ್ನು ಅವರ ಕಡೆ ತಿರುಗಿಸಿ, ಅತ್ತೆಯ ಹೆಸರು ಓದಿಕೊಳ್ಳಲು ಬಿಟ್ಟ. ಇಪ್ಪತ್ತೈದು ವರ್ಷದ ಹುಡುಗ ಮೊದಲ ಸಂಬಳದಲ್ಲಿ ಅವ್ವನ ಹೆಸರಿಗೆ ಅಂತ ಬರೆಸಿದ್ದು ಅದು. ನನಗೆ ಬೇಜಾರೇನೂ ಆಗಲಿಲ್ಲ. ಬರೆಸಬೇಕಾದ್ದೇ ಆಗ. ಆದರೆ ಮದುವೆ ಆಯಿತು, ಮಗಳು ಹುಟ್ಟಿದಳು, ಅತ್ತೆ ಹೋದರು, ಮನೆಯಲ್ಲಿ ಇಷ್ಟೆಲ್ಲ ಆದರೂ ಆ ಕಾಗದ 1996ರಲ್ಲೇ ನಿಂತುಬಿಟ್ಟಿತ್ತು.

ನಾಮಿನಿ ಮೊದಲೇ ಹೋಗಿ, ಬೇರೆ ಹೆಸರು ಹಾಕಿಸದೆ ಇದ್ದರೆ ದುಡ್ಡು ಸೀದಾ ಹೆಂಡತಿಗೆ ಬರುತ್ತೆ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಅದು ವಾರಸುದಾರರಿಗೆ ಸೇರುತ್ತದೆ, ವಾರಸುದಾರರು ಯಾರು ಅಂತ ಕಾಗದದಲ್ಲಿ ತೋರಿಸಬೇಕು, ಅದಕ್ಕೆ ಕೋರ್ಟಿನ ತನಕ ಅಲೆಯಬೇಕಾಗಿ ಬರಬಹುದು. ಅದೇ ಹೆಂಡತಿ ಹೆಸರು ನಾಮಿನಿ ಅಂತ ಇದ್ದರೆ ಎಷ್ಟೋ ಸುಲಭ. 2015ರಲ್ಲಿ ವಿಮೆ ಕಾನೂನಿಗೆ ತಿದ್ದುಪಡಿ ಆದ ಮೇಲೆ ಇನ್ನೂ ಗಟ್ಟಿ. ತಂದೆ ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು, ಇವರಲ್ಲಿ ಯಾರನ್ನು ನಾಮಿನಿ ಮಾಡಿದರೂ ಆ ದುಡ್ಡು ಅವರದ್ದೇ, ಬರೀ ಬೇರೆಯವರ ಪರವಾಗಿ ಇಸಿದುಕೊಳ್ಳುವುದಲ್ಲ ಅಂತ ಆ ತಿದ್ದುಪಡಿ ಹೇಳುತ್ತದೆ. ಆದರೆ ಬೇರೆ ವಾರಸುದಾರರು ಪಾಲು ಕೇಳಿದರೆ ಅವರಿಗೂ ಹಕ್ಕಿದೆ ಅಂತ 2025ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ.

ಆಮೇಲೆ ಬಂತು ನಾನು ಮರೆಯದ ಮಾತು. ಆ ಹುಡುಗ ಕಂಪ್ಯೂಟರನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಏನೋ ಓದಿದ. ನಮ್ಮ ಮನೆಯವರನ್ನು ನೋಡಿ ಮೆಲ್ಲಗೆ ಕೇಳಿದ: "ಸರ್, ಇನ್ನೊಂದು ವಿಷಯ ಇದೆ. ಮೇಡಂ ಮುಂದೆ ಹೇಳಬಹುದಾ?"

ಅವರ ಬೆರಳು ಮೇಜಿನ ಅಂಚಿನ ಮೇಲಿತ್ತು. ಕಿತ್ತುಹೋದ ಸನ್‌ಮೈಕಾವನ್ನು ಉಗುರಿನಿಂದ ಒತ್ತುತ್ತಾ ಕೂತಿದ್ದರು. ಎಷ್ಟು ಹೊತ್ತೋ ಅನ್ನಿಸಿತು ನನಗೆ. ಆಮೇಲೆ "ಹೇಳಿ" ಅಂದರು.

2016ರಲ್ಲಿ ಆ ಪಾಲಿಸಿ ಮೇಲೆ 80 ಸಾವಿರ ಸಾಲ ತೆಗೆದಿದ್ದರು. ಒಂದು ಪೈಸೆ ಬಡ್ಡಿ ಕಟ್ಟಿರಲಿಲ್ಲ. ಪಾಲಿಸಿ ಸಾಲಕ್ಕೆ ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ, ಅದೇ ಅದರ ಅನುಕೂಲ, ಅದೇ ಅದರ ಅಪಾಯ. ಆರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರಿಕೊಂಡು ಬೆಳೆಯುತ್ತಾ ಹೋಗಿದೆ. ಒಂಬತ್ತು ವರ್ಷಕ್ಕೆ 1 ಲಕ್ಷ 90 ಸಾವಿರ ದಾಟಿತ್ತು. ಸಾಲ ತೆಗೆಯುವಾಗ ಒರಿಜಿನಲ್ ಬಾಂಡನ್ನು ಕಂಪನಿಗೆ ಕೊಡಬೇಕು. ಟ್ರಂಕಿನಲ್ಲಿ ಝೆರಾಕ್ಸ್ ಇದ್ದದ್ದು ಅದಕ್ಕೆ.

2016 ಅಂದ ಕೂಡಲೇ ನನಗೆ ಗೊತ್ತಾಯಿತು. ಅದು ನನ್ನ ಗರ್ಭಕೋಶದ ಆಪರೇಷನ್ ಆದ ವರ್ಷ. ಆಸ್ಪತ್ರೆ ದುಡ್ಡು ಎಲ್ಲಿಂದ ತಂದಿರಿ ಅಂದರೆ, ಅಂಗಡಿ ಸಾಹುಕಾರರು ಕೊಟ್ಟರು, ವಾಪಸ್ ಕೇಳಲ್ಲ ಅಂದಿದ್ದರು. ಅವತ್ತಿನಿಂದ ಪ್ರತಿ ಯುಗಾದಿಗೆ ಆ ಸಾಹುಕಾರರ ಮನೆಗೆ ಇಪ್ಪತ್ತೈದು ಹೋಳಿಗೆ ಕಟ್ಟಿ ಕಳಿಸುತ್ತಾ ಬಂದಿದ್ದೇನೆ.

ಅಲ್ಲಿ ನಾನು ಏನೂ ಮಾತಾಡಲಿಲ್ಲ. ಆ ಹುಡುಗ ಎದ್ದುಹೋಗಿ ಎರಡು ಲೋಟ ನೀರು ತಂದಿಟ್ಟ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಇಬ್ಬರಿಗೂ ಕಾಣುವ ಹಾಗೆ ಬರೆದು ತೋರಿಸಿದ. ಅಸಲು ಇಷ್ಟು, ಬಡ್ಡಿ ಇಷ್ಟು, ಈಗ ಪಾಲಿಸಿಯ ಬೆಲೆ ಇಷ್ಟು. ನಾಳೆ ಏನಾದರೂ ಆದರೆ ಸಾಲ ಬಡ್ಡಿ ಮುರಿದುಕೊಂಡು ಉಳಿದದ್ದು ಮಾತ್ರ ನಾಮಿನಿಗೆ. ಒಟ್ಟಿಗೇ ಕಟ್ಟಬೇಕು ಅಂತೇನಿಲ್ಲ, ಕೈಲಾದಷ್ಟು ಕಟ್ಟಿದರೂ ನಡೆಯುತ್ತದೆ, ಆದರೆ ಇನ್ನು ಮುಂದೆ ಬಡ್ಡಿಯನ್ನಂತೂ ಬಿಡಬೇಡಿ ಅಂದ. ಸಾಲ ಇದ್ದರೂ ನಾಮಿನಿ ಬದಲಿಸಬಹುದು, ಅದಕ್ಕೇನೂ ಅಡ್ಡಿ ಇಲ್ಲ ಅಂತಲೂ ಹೇಳಿದ. ಯಾರ ಮೇಲೂ ತಪ್ಪು ಹೊರಿಸಲಿಲ್ಲ. "ಯಾಕ್ ಸರ್ ಇಷ್ಟು ವರ್ಷ ಬಿಟ್ರಿ" ಅಂತ ಒಂದು ಮಾತು ಬಂದಿದ್ದರೂ ನಮ್ಮ ಮನೆಯವರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ನನಗೆ ಅವರು ಗೊತ್ತು.

ನಾಮಿನಿ ಫಾರ್ಮ್ ಅವತ್ತೇ ತುಂಬಿದೆವು. ಅವರು ನನ್ನ ಹೆಸರು ಬರೆದು, ಸಂಬಂಧ ಅನ್ನುವ ಕಡೆ 'ಹೆಂಡತಿ' ಅಂತ ಬರೆದರು. ಲೆಕ್ಕ ಬರೆಯುವವರಲ್ವಾ, ಅಕ್ಷರ ಮುತ್ತಿನ ಹಾಗೆ. ಆದರೆ ನನ್ನ ಆಧಾರ್‌ನಲ್ಲಿ ಅಪ್ಪನ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರು. ಆ ಹುಡುಗ ಅದನ್ನು ನೋಡಿದ ಕೂಡಲೇ, "ಅಮ್ಮ, ಇದೊಂದು ಸರಿ ಮಾಡಿಸ್ಕೊಳ್ಳಿ. ಈಗ ಹತ್ತು ನಿಮಿಷದ ಕೆಲಸ, ಆಮೇಲೆ ಹತ್ತು ಸಲ ಓಡಾಡಿಸುತ್ತೆ" ಅಂದ. ಇಂಥದ್ದನ್ನು ಯಾವ ಆ್ಯಪ್ ಹೇಳುತ್ತದೆ?

ಹೊರಗೆ ಬಂದ ಮೇಲೆ ಮನೆಗೆ ಹೋಗಲಿಲ್ಲ. ಸ್ಕೂಟರ್ ಕುಂದವಾಡ ಕೆರೆ ಕಡೆ ತಿರುಗಿತು. ಏರಿ ಮೇಲೆ ಕೂತು ಒಂದು ಗಂಟೆ ಜಗಳ ಆಡಿದೆವು. ನಿಜವಾದ ಜಗಳ. ಸಾಲ ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ, ನನ್ನ ಜೀವಕ್ಕೋಸ್ಕರ ಮಾಡಿದ್ದು. ಒಂಬತ್ತು ವರ್ಷ ಒಬ್ಬರೇ ಹೊತ್ತುಕೊಂಡು ತಿರುಗಿದ್ದಕ್ಕೆ ಸಿಟ್ಟು. ಅವರು ಹೇಳಿದ್ದು: "ಸಾಲ ಅಂದಿದ್ರೆ ನೀನು ಆಪರೇಷನ್ ಬೇಡ ಅಂತಿದ್ದೆ. ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಹೇಳೋಕೆ ಆಗ್ಲಿಲ್ಲ." ಅದು ನಿಜ. ಬೇಡ ಅಂತಲೇ ಅನ್ನುತ್ತಿದ್ದೆ. ನಾನೂ ಯೋಚನೆ ಮಾಡಿದೆ. ಮನೆಯಲ್ಲಿ ದುಡ್ಡಿನ ಮಾತು ಬಂದಾಗಲೆಲ್ಲ ನಾನು ದನಿ ಏರಿಸುತ್ತಿದ್ದೆ, ಅವರು ಎದ್ದು ಟಿವಿ ಹಾಕುತ್ತಿದ್ದರು. ಹೇಳಲು ಜಾಗವೇ ಇರಲಿಲ್ಲ ನಮ್ಮ ಮನೆಯಲ್ಲಿ. ಆ ಕೌಂಟರ್ ಮುಂದೆ ಇತ್ತು. ಮೂರನೆಯವರೊಬ್ಬರು ನಿಧಾನಕ್ಕೆ, ಮರ್ಯಾದೆಯಿಂದ ಕೇಳಿದರು, ಇವರು 'ಹೇಳಿ' ಅಂದರು. ಇಪ್ಪತ್ತೇಳು ವರ್ಷದಲ್ಲಿ ಅವರು ನನ್ನ ಮೇಲೆ ಇಟ್ಟ ದೊಡ್ಡ ನಂಬಿಕೆ ಆ ಒಂದು ಮಾತು ಅಂತ ನನಗೆ ಈಗ ಅನ್ನಿಸುತ್ತದೆ.

ಈಗ ಪ್ರತಿ ತಿಂಗಳ ಮೊದಲನೇ ಭಾನುವಾರ ಟ್ರಂಕ್ ಹೊರಗೆ ಬರುತ್ತದೆ. ಟಿವಿ ಇಲ್ಲ, ಫೋನ್ ಇಲ್ಲ. ಎರಡು ರೂಲಿನ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಏನು ಬಂತು, ಏನು ಹೋಯಿತು, ಯಾರಿಗೆ ಕೊಡಬೇಕು, ಎಲ್ಲ ಅದರಲ್ಲಿ. ದನಿ ಏರಿಸಬಾರದು ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ, ಎದ್ದುಹೋಗಬಾರದು ಅಂತ ಅವರಿಗೆ ಹೇಳಿದ್ದೇನೆ. ಬ್ಲೌಸ್ ಹೊಲಿದ ದುಡ್ಡಿನಲ್ಲಿ ಸ್ವಲ್ಪ ಅವರ ಸಂಬಳದಲ್ಲಿ ಸ್ವಲ್ಪ ಸೇರಿಸಿ ಸಾಲ ತೀರಿಸುತ್ತಿದ್ದೇವೆ. ಕಟ್ಟಲು ಇಬ್ಬರೂ ಹೋಗುತ್ತೇವೆ. ಆನ್‌ಲೈನ್‌ನಲ್ಲೂ ಕಟ್ಟಬಹುದು, ಮಗಳು ಹೇಳಿಕೊಟ್ಟಿದ್ದಾಳೆ. ಆದರೂ ಹೋಗುತ್ತೇವೆ. ಕೆಲಸ ಮುಗಿಸಿ ಒಂದೊಂದು ಬೆಣ್ಣೆ ದೋಸೆ ತಿಂದು ಬರುತ್ತೇವೆ. ಮದುವೆಯಾದ ಹೊಸದರಲ್ಲಿ ಹೋಗುತ್ತಿದ್ದೆವು, ನಡುವೆ ಅದೂ ನಿಂತುಹೋಗಿತ್ತು.

ಇನ್ನು ಬ್ರಾಂಚ್ ಅನ್ನುವುದು ಯಾಕೆ ಬೇಕು ಅಂತ ಕೇಳುವವರಿಗೆ ಒಂದೆರಡು ಮಾತು. ಬ್ರಾಂಚ್ ಬೇರೆ, ಕಂಪನಿ ಬೇರೆ ಅಲ್ಲ. ಕಾನೂನಿನ ಕಣ್ಣಿಗೆ ಎರಡೂ ಒಂದೇ. ದಾವಣಗೆರೆಯ ಬ್ರಾಂಚಿನಲ್ಲಿ ಅಧಿಕಾರ ಇದ್ದವರು ಒಂದು ಅರ್ಜಿ ತೆಗೆದುಕೊಂಡು ಸೀಲ್ ಹಾಕಿದರೆ, ಅದು ಮುಂಬೈಯಲ್ಲಿ ಹೆಡ್ ಆಫೀಸಿನವರು ಹಾಕಿದ ಹಾಗೇ. ಅದಕ್ಕೇ ಹೇಳುವುದು, ಯಾವ ಅರ್ಜಿ ಕೊಟ್ಟರೂ ಇನ್ನೊಂದು ಪ್ರತಿ ಮೇಲೆ ತಾರೀಖಿನ ಜೊತೆ ಸೀಲ್ ಹಾಕಿಸಿಕೊಳ್ಳಿ. ನಾಮಿನಿ ಬದಲಾವಣೆ, ವಿಳಾಸ, ಬ್ಯಾಂಕ್ ಖಾತೆ ನಂಬರ್, ಸಾಲ, ನಿಂತುಹೋದ ಪಾಲಿಸಿಗೆ ಮತ್ತೆ ಜೀವ ಕೊಡುವುದು, ಎಲ್ಲ ಅಲ್ಲಿಂದಲೇ ಶುರು. ಯಾರಾದರೂ ತೀರಿಕೊಂಡರೆ ಮನೆಯವರು ಮೊದಲು ಹೋಗುವುದೂ ಅಲ್ಲಿಗೇ.

ಬ್ರಾಂಚ್ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನಮಗೆ ಗೊತ್ತು. ಬೇರೆ ಒಂದು ಕಂಪನಿಯಲ್ಲಿ ಇಬ್ಬರಿಗೂ ಸೇರಿ ಆರೋಗ್ಯ ವಿಮೆ ಮಾಡಿಸಿದ್ದೆವು. ಮಾಡಿಸುವಾಗ ಇಲ್ಲೇ ಆಫೀಸ್ ಇತ್ತು, ಎ.ಸಿ., ಸೋಫಾ, ಕಾಫಿ ಎಲ್ಲ. ಎರಡು ವರ್ಷಕ್ಕೆ ಬಾಗಿಲು ಹಾಕಿತು. ಬಾಗಿಲಿಗೆ ಒಂದು ಚೀಟಿ, ಹುಬ್ಬಳ್ಳಿ ಆಫೀಸನ್ನು ಸಂಪರ್ಕಿಸಿ ಅಂತ. ಫೋನ್ ಮಾಡಿದರೆ ಒಂದು ಒತ್ತಿ ಎರಡು ಒತ್ತಿ, ಆಮೇಲೆ ಹಿಂದಿಯಲ್ಲಿ ಮಾತಾಡುವವರು. ನಮ್ಮ ಮನೆಯವರ ಹುಟ್ಟಿದ ತಾರೀಖು ತಪ್ಪಾಗಿ ಬಂದಿದ್ದನ್ನು ಸರಿ ಮಾಡಿಸಲು ನಾಲ್ಕು ತಿಂಗಳು ಹಿಡಿಯಿತು. ಇಂಥ ಕಡೆ ಸಿಕ್ಕಿಬಿದ್ದವರಿಗೆ ಒಂದು ವಿಷಯ. ಹಳೇ ಗ್ರಾಹಕರ ಕಾನೂನಿನಲ್ಲಿ ಎದುರು ಪಾರ್ಟಿಯ ಆಫೀಸೋ ಬ್ರಾಂಚೋ ಎಲ್ಲಿದೆ, ವ್ಯವಹಾರ ಎಲ್ಲಿ ನಡೆಯಿತು ಅಂತ ನೋಡಬೇಕಿತ್ತು. 2019ರ ಕಾನೂನು 2020ರ ಜುಲೈನಲ್ಲಿ ಜಾರಿಗೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ದೂರು ಕೊಡಬಹುದು. ದಾವಣಗೆರೆಯವರು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬಹುದು. ವಿಮೆಗೇ ಅಂತ ಬೆಂಗಳೂರಿನಲ್ಲಿ ಒಂಬುಡ್ಸ್‌ಮನ್, ಅಂದರೆ ವಿಮೆ ದೂರುಗಳನ್ನು ವಿಚಾರಿಸುವ ಅಧಿಕಾರಿ, ಇದ್ದಾರೆ. ಮೊದಲು ಕಂಪನಿಗೆ ಬರೆದು ಕೊಡಬೇಕು, ಒಂದು ತಿಂಗಳು ಕಾದು, ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ಅಲ್ಲಿಗೆ ಹೋಗುವುದು. ಫೀಸ್ ಇಲ್ಲ, ವಕೀಲರೂ ಬೇಡ.

ಹೊಸದಾಗಿ ಮದುವೆಯಾದವರಿಗೆ ಆ ಹುಡುಗ ಹೇಳಿದ ಇನ್ನೊಂದು ವಿಷಯ ಬರೆಯಲೇಬೇಕು. 1874ರ ಒಂದು ಹಳೇ ಕಾನೂನಿದೆ, ಮದುವೆಯಾದ ಹೆಂಗಸರ ಆಸ್ತಿಗೆ ಸಂಬಂಧಪಟ್ಟದ್ದು. ಆ ಕಾನೂನಿನ ಕೆಳಗೆ ಗಂಡ ತನ್ನ ಜೀವದ ಮೇಲೆ ಹೆಂಡತಿ ಮಕ್ಕಳಿಗೆ ಅಂತ ಪಾಲಿಸಿ ಮಾಡಿಸಿದರೆ, ಆ ದುಡ್ಡು ಅವರಿಗೇ ಮೀಸಲು. ಗಂಡನ ಸಾಲಗಾರರು ಬಂದು ಅದರ ಮೇಲೆ ಕೈ ಹಾಕುವ ಹಾಗಿಲ್ಲ. ಆದರೆ ಪಾಲಿಸಿ ಮಾಡಿಸುವಾಗಲೇ ಹಾಗೆ ಬರೆಸಬೇಕು. ವ್ಯಾಪಾರ ಮಾಡುವ, ಕೈಸಾಲದ ಮೇಲೆ ಅಂಗಡಿ ನಡೆಸುವ ಮನೆಗಳು ನಮ್ಮೂರಲ್ಲಿ ಎಷ್ಟಿಲ್ಲ? ನಮಗೆ ತಡವಾಯಿತು. ಮಗಳ ಮದುವೆಯಾದ ಮೇಲೆ ಅಳಿಯನಿಗೆ ಮೊದಲು ಹೇಳುವುದು ಇದನ್ನೇ. ಪ್ರೀಮಿಯಂ ಮೇಲೆ ಜಿಎಸ್‌ಟಿ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಹೋಗಿದೆ, ವೈಯಕ್ತಿಕ ಜೀವವಿಮೆಗೂ ಆರೋಗ್ಯ ವಿಮೆಗೂ. ಹಳೇ ಲೆಕ್ಕದಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಬ್ರಾಂಚಿನಲ್ಲಿ ಸರಿ ಇಲ್ಲದ್ದನ್ನೂ ಹೇಳುತ್ತೇನೆ. ಫಾರ್ಮ್‌ಗಳು ಕನ್ನಡದಲ್ಲಿ ಸಿಗಲಿಲ್ಲ. ಇಂಗ್ಲಿಷ್ ಹಿಂದಿ ಮಾತ್ರ ಇತ್ತು, ಕನ್ನಡದ್ದು ಖಾಲಿ ಅಂದರು. ಎರಡನೇ ಸಲ ಹೋದಾಗಲೂ ಖಾಲಿ. ತಿಂಗಳ ಕೊನೇ ವಾರ ಹೋಗಲೇಬೇಡಿ, ಸರ್ವರ್ ನಿಂತರೆ ಮಧ್ಯಾಹ್ನದ ತನಕ ಕೂರಬೇಕು. ಹೆಂಗಸರಿಗೆ ಶೌಚಾಲಯ ಇದೆ, ಆದರೆ ಬೀಗದ ಕೈ ಕೇಳಿ ತೆಗೆದುಕೊಳ್ಳಬೇಕು, ಅದೇನು ಚೆನ್ನಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಂದರೆ ಮೆಟ್ಟಿಲು. ಲಿಫ್ಟ್ ಇಲ್ಲ. ಇಪ್ಪತ್ನಾಲ್ಕು ಮೆಟ್ಟಿಲು, ಎಣಿಸಿದ್ದೇನೆ. ಮೊನ್ನೆ ನಾವು ಇಳಿಯುವಾಗ ಜಗಳೂರು ಕಡೆಯ ಒಬ್ಬ ಅಜ್ಜಿ ಗೋಡೆ ಹಿಡಿದುಕೊಂಡು ಹತ್ತುತ್ತಿದ್ದರು. ಯಜಮಾನರು ಹೋಗಿ ಎರಡು ತಿಂಗಳು ಆಗಿದೆಯಂತೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರಲ್ಲಿ ಬಾಂಡ್, ಮರಣ ಪ್ರಮಾಣಪತ್ರ, ಪಾಸ್‌ಬುಕ್. ಬಸ್ಸಿಗೆ ಬಂದಿದ್ದರು, ಒಬ್ಬರೇ. ನಮ್ಮ ಮನೆಯವರು ತಿರುಗಿ ಹತ್ತಿ ಅವರನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಅದೇ ಹುಡುಗನ ಮುಂದಿನ ಕುರ್ಚಿಯಲ್ಲಿ ಕೂರಿಸಿ ಬಂದರು.

ಅವತ್ತೇ ನಾವಿಬ್ಬರೂ ಸೇರಿ ಮ್ಯಾನೇಜರಿಗೆ ಅರ್ಜಿ ಬರೆದುಕೊಟ್ಟಿದ್ದೇವೆ. ವಯಸ್ಸಾದವರಿಗೆ, ಗಂಡ ಕಳೆದುಕೊಂಡು ಬರುವ ಹೆಂಗಸರಿಗೆ ಕೆಳಗಡೆ ಒಂದು ಮೇಜು ಎರಡು ಕುರ್ಚಿ ಹಾಕಿ, ವಾರಕ್ಕೆ ಎರಡು ದಿನವಾದರೂ ಅಲ್ಲೇ ಕೆಲಸ ಮಾಡಿಕೊಡಿ ಅಂತ. ಬರೆದದ್ದು ಅವರು, ಸಹಿ ಇಬ್ಬರದ್ದೂ. ಸೀಲ್ ಹಾಕಿಸಿಕೊಂಡ ಪ್ರತಿ ನಮ್ಮ ಟ್ರಂಕಿನಲ್ಲಿದೆ. ಆ ಬ್ರಾಂಚಿಗೆ ನೀವೂ ಹೋಗುವವರಾದರೆ ನೀವೂ ಒಂದು ಬರೆದು ಕೊಡಿ. ನನ್ನ ಕಡೆಯಿಂದ ಸದ್ಯಕ್ಕೆ ಐದರಲ್ಲಿ ನಾಲ್ಕು ಸ್ಟಾರ್.